ಸಾವಿರಕ್ಕೆ ಎಷ್ಟು

ಜನವರಿ 9

ಚಿಕ್ಕಮ್ಮನಿಗೆ ಚೂಟಿಯ ನಮಸ್ಕಾರಗಳು.

ಕಾಗದ ನೋಡಿ ಮೊದಲು ಗಾಬರಿಯಾಗುತ್ತೀಯ, ಆಮೇಲೆ ತಲೆ ಮೇಲೇ ಇರುವ ಕನ್ನಡಕವನ್ನು ಮನೆಯೆಲ್ಲ ಹುಡುಕುತ್ತೀಯ. ಗಾಬರಿ ಬೇಡ, ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮ ಮಂಡಿನೋವಿನ ಜೊತೆ ರಾಜಿ ಮಾಡಿಕೊಂಡಿದ್ದಾಳೆ. ನಿನ್ನಿಂದ ಒಂದು ಕೆಲಸ ಆಗಬೇಕು, ಅಷ್ಟೆ.

ಶ್ವಾಸಕೋಶದ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡ ನೂರ ಅರವತ್ತು ಜನರ ಗಡ್ಡೆಯ ತುಂಡುಗಳು ನಮ್ಮ ಆಸ್ಪತ್ರೆಯ ಕಪಾಟಿನಲ್ಲಿ ಮೇಣದೊಳಗೆ ಕೂತಿವೆ. ಯಾರು ಎಷ್ಟು ವರ್ಷ ಬದುಕಿದರು ಎನ್ನುವುದು ದಾಖಲೆಯಲ್ಲಿದೆ. ಕ್ಯಾನ್ಸರ್ ಗಡ್ಡೆ ಎಂದರೆ ಬರೀ ಬೆಳೆಯುವುದು ಎಂದು ಜನ ಅಂದುಕೊಂಡಿರುತ್ತಾರೆ. ಹಾಗಲ್ಲ, ಅದರೊಳಗೆ ಜೀವಕೋಶಗಳು ಒಂದೊಂದಾಗಿ ಸಾಯುತ್ತಲೂ ಇರುತ್ತವೆ. ಸಾವಿರಕ್ಕೆ ಎಷ್ಟು ಸಾಯುತ್ತಿವೆ ಎಂದು ಎಣಿಸಿದರೆ ಆ ಮನುಷ್ಯನ ಮುಂದಿನ ದಾರಿ ಹೇಗಿದೆ ಎಂದು ಹೇಳಬಹುದೇ? ಇದು ನನ್ನ ಸಂಶೋಧನೆಯ ಪ್ರಶ್ನೆ. ಹೇಳಬಹುದು ಎಂದವರೂ ಇದ್ದಾರೆ, ಆಗುವುದಿಲ್ಲ ಎಂದವರೂ ಇದ್ದಾರೆ. ಹೇಳಬಹುದಾದರೆ, ಆಪರೇಷನ್ ಆದ ಮೇಲೆ ಯಾರಿಗೆ ಕೀಮೋ ಕೊಡಬೇಕು, ಯಾರನ್ನು ಅವರ ಪಾಡಿಗೆ ಬಿಡಬಹುದು ಎನ್ನುವುದಕ್ಕೆ ಒಂದು ದಾರಿ ಸಿಕ್ಕಂತೆ.

ಇದಕ್ಕೆ ಇಬ್ಬರು ಎಣಿಸಬೇಕು, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಗೊತ್ತಿರಬಾರದು. ಎರಡನೆಯವರು ಯಾರು ಎಂದು ನಮ್ಮ ವಿಭಾಗದ ದೊಡ್ಡ ಡಾಕ್ಟರು ಕೇಳಿದಾಗ ನಾನು ನಿನ್ನ ಕಥೆ ಹೇಳಿದೆ. ಮೂವತ್ನಾಲ್ಕು ವರ್ಷ ಲ್ಯಾಬಿನಲ್ಲಿ ಕೂತು ರಕ್ತಕಣ ಎಣಿಸಿದವಳು. ಎಣಿಸುವ ಯಂತ್ರ ಬಂದಾಗ ಅದರ ಲೆಕ್ಕಕ್ಕೂ ನಿನ್ನ ಲೆಕ್ಕಕ್ಕೂ ತಾಳೆಯಾಗದೆ, ಕಂಪನಿಯವನು ಮೂರು ದಿನ ಕೂತು ಯಂತ್ರವನ್ನೇ ಸರಿಮಾಡಿ ಹೋದ. ಅವರು ನಕ್ಕು ಒಪ್ಪಿದರು.

ಇದರ ಜೊತೆ ಮೊದಲ ಪೆಟ್ಟಿಗೆ, ಐವತ್ತು ಸ್ಲೈಡ್, ಒಬ್ಬೊಬ್ಬರ ಗಡ್ಡೆಯ ತೆಳು ಪದರ ಅಂಟಿಸಿದ ಒಂದೊಂದು ಗಾಜಿನ ಪಟ್ಟಿ. ನನ್ನ ಹಾಳೆ ನನ್ನ ಹತ್ತಿರ ಇದೆ, ಆದರೂ ಅದಲುಬದಲಾಗದಿರಲಿ ಎಂದು ಲೆಕ್ಕವನ್ನು ಪ್ರತಿ ಸ್ಲೈಡಿನ ತುದಿಯ ತರಿತರಿ ಗಾಜಿನ ಮೇಲೂ ಪೆನ್ಸಿಲಿನಿಂದ ಬರೆದು, ಅದರ ಮೇಲೆ ನಂಬರಿನ ಚೀಟಿ ಅಂಟಿಸಿದ್ದೇನೆ, ಕಾಣುವುದಿಲ್ಲ. ನಿನ್ನದನ್ನು ಜೊತೆಗಿರುವ ಹಾಳೆಯಲ್ಲಿ ಬರೆ. ಫೋನಿನಲ್ಲಿ ಈ ಮಾತು ಬೇಡವೇ ಬೇಡ. ನನ್ನ ಗಂಟಲು ಏನೂ ಮುಚ್ಚಿಡುವುದಿಲ್ಲ, ನಿನಗೇ ಗೊತ್ತು. ಕಾಗದವಾದರೆ ಬರೆದದ್ದನ್ನು ಹೊಡೆದುಹಾಕಬಹುದು.

ನಿನ್ನ
ಚೂಟಿ


ಜನವರಿ 21

ಚೂಟಿಗೆ ಚಿಕ್ಕಮ್ಮನ ಆಶೀರ್ವಾದಗಳು.

ಪೆಟ್ಟಿಗೆ ಬಂತು. ನಿಮ್ಮ ಚಿಕ್ಕಪ್ಪ ಅದನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದರು. ಒಳಗಿರುವುದು ಏನು ಎಂದು ಹೇಳಿದ ಮೇಲೆ ಆ ಕೋಣೆಗೆ ಬರುವುದನ್ನೇ ಬಿಟ್ಟಿದ್ದಾರೆ. ಒಳ್ಳೆಯದೇ ಆಯಿತು, ನನಗೆ ಎಣಿಸುವಾಗ ಯಾರೂ ಮಾತಾಡಿಸಬಾರದು.

ಹಳೆಯ ಲ್ಯಾಬಿನವರು ಮೂಲೆಗೆ ಹಾಕಿದ್ದ ಮೈಕ್ರೋಸ್ಕೋಪನ್ನು ಕೇಳಿ ತಂದೆ. ಅದರ ಒಂದು ತಿರುಪು ನಿಮ್ಮಮ್ಮನ ಮಂಡಿಯ ಹಾಗೆ, ತಿರುಗಿಸಿದರೆ ಕಟಕಟ ಅನ್ನುತ್ತದೆ. ಆದರೆ ಲೆನ್ಸು ವಜ್ರ. ಕಿಟಕಿ ಪಕ್ಕದ ಮೇಜಿನ ಮೇಲೆ ಇಟ್ಟುಕೊಂಡು, ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಮಾತ್ರ ನೋಡುತ್ತೇನೆ. ಆಮೇಲೆ ಕಣ್ಣಿಗೆ ಸೋಮಾರಿತನ ಬರುತ್ತದೆ.

ಚೂಟಿ, ನಿನಗೆ ಒಂದು ಮಾತು ಹೇಳಲೇ? ರಕ್ತದಲ್ಲಿ ಎಲ್ಲರೂ ಬಿಡಿಬಿಡಿಯಾಗಿ ಮೈದಾನದಲ್ಲಿ ನಿಂತಿರುತ್ತಾರೆ, ಎಣಿಸುವುದು ಸುಲಭ. ಈ ಗಡ್ಡೆಯೊಳಗೆ ಸಂತೆ. ಒಬ್ಬರ ಮೇಲೊಬ್ಬರು ಬಿದ್ದಿರುತ್ತಾರೆ. ನೀನು ಬರೆದು ಕಳಿಸಿದ ಗುರುತನ್ನು ಗೋಡೆಗೆ ಅಂಟಿಸಿಕೊಂಡಿದ್ದೇನೆ: ಸಾಯುತ್ತಿರುವ ಜೀವಕೋಶ ಕುಗ್ಗಿರುತ್ತದೆ, ಮೈ ಕೆಂಪೇರಿರುತ್ತದೆ, ನಡುವಿನ ಬೀಜ ಕಪ್ಪಾಗಿ ಗುಂಡುಗುಂಡಾಗಿ ಒಡೆದಿರುತ್ತದೆ, ಸುತ್ತ ಖಾಲಿ ಜಾಗ ಬಿಟ್ಟುಕೊಂಡಿರುತ್ತದೆ. ಮೊದಲನೆಯದು ಸಿಕ್ಕಿದಾಗ ಸುಮ್ಮನೆ ನೋಡುತ್ತಾ ಕೂತುಬಿಟ್ಟೆ. ಗಲಾಟೆ ಇಲ್ಲ, ಪಕ್ಕದವರಿಗೆ ತೊಂದರೆ ಇಲ್ಲ, ತನ್ನಷ್ಟಕ್ಕೆ ತಾನು ಗಂಟು ಕಟ್ಟಿಕೊಂಡು ಹೊರಟಿತ್ತು. ಎಷ್ಟು ಅಚ್ಚುಕಟ್ಟು.

ಆ ಕಂಪನಿಯವನ ಕಥೆಯನ್ನು ಹೋದಲ್ಲೆಲ್ಲ ಹೇಳಬೇಡ. ಅವನು ಕೂತದ್ದು ಎರಡೇ ದಿನ.

ಇನ್ನೊಂದು ಸಂತೋಷ. ನಮ್ಮ ಮನೆಯಲ್ಲಿ ಡಾಕ್ಟರು ಎಂದು ಇರುವುದು ನೀನೊಬ್ಬಳೇ. ಆ ಡಾಕ್ಟರು ನನ್ನ ಕಣ್ಣನ್ನು ಕೇಳಿ ಪಡೆದಳಲ್ಲ, ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದೆ.

ಚಿಕ್ಕಮ್ಮ


ಫೆಬ್ರುವರಿ 16

ಚಿಕ್ಕಮ್ಮಾ,

ನಿನ್ನ ಹಾಳೆ ತಲುಪಿತು. ಎಂಥ ಅಕ್ಷರ, ಎಂಥ ಗೆರೆ! ನಮ್ಮ ಆಫೀಸಿನಲ್ಲಿ ಅದನ್ನು ತೋರಿಸಿ, ಹಾಳೆ ಎಂದರೆ ಹೀಗಿರಬೇಕು ಎಂದೆ.

ಈಗ ಬೈಯಬೇಡ. ನಮ್ಮಲ್ಲಿ ಅಂಕಿಅಂಶ ನೋಡುವವರೊಬ್ಬರಿದ್ದಾರೆ, ನಾವು ಲೆಕ್ಕದ ಮೇಷ್ಟ್ರು ಎನ್ನುತ್ತೇವೆ. ಅವರು ತಾಳೆ ನೋಡಿದರು. ಐವತ್ತರಲ್ಲಿ ಮೂವತ್ತಮೂರು ಸ್ಲೈಡಿನಲ್ಲಿ ನಿನ್ನದೂ ನನ್ನದೂ ಹೊಂದಿದೆ. ಹದಿನೇಳರಲ್ಲಿ ಹೊಂದಿಲ್ಲ, ಹದಿನೇಳರಲ್ಲೂ ನಿನ್ನದೇ ಕಡಿಮೆ. ದೊಡ್ಡ ಡಾಕ್ಟರು ಹುಬ್ಬು ಗಂಟಿಕ್ಕಿದರು. ನಾನು ಹೇಳಿದೆ, ರಕ್ತ ನೋಡಿದ ಕಣ್ಣು ಗಡ್ಡೆಗೆ ಹೊಂದಿಕೊಳ್ಳುವುದಕ್ಕೆ ಸ್ವಲ್ಪ ಸಮಯ ಬೇಕು, ಎರಡನೇ ಪೆಟ್ಟಿಗೆಗೆ ಸರಿಹೋಗುತ್ತದೆ ಎಂದು. ನೀನು ತೀರಾ ಸಂಕೋಚ ಪಡುತ್ತಿದ್ದೀಯ ಅನಿಸುತ್ತದೆ. ಕಂಡದ್ದನ್ನು ಧೈರ್ಯವಾಗಿ ಎಣಿಸು.

ಅರವತ್ತು ಸ್ಲೈಡ್ ಕಳಿಸಿದ್ದೇನೆ. ಈ ತಾಳೆ ಚೆನ್ನಾಗಿ ಬಂದರೆ ಮೇ ತಿಂಗಳಲ್ಲಿ ಆಸ್ಪತ್ರೆಯ ಸಮಿತಿಯ ಮುಂದೆ ಇಡಬಹುದು. ಅವರು ಒಪ್ಪಿದರೆ ನಮ್ಮ ಈ ಎಣಿಕೆ ರೋಗಿಯ ವರದಿಯಲ್ಲೇ ಅಚ್ಚಾಗುತ್ತದೆ. ಯೋಚನೆ ಮಾಡು ಚಿಕ್ಕಮ್ಮ, ಒಬ್ಬ ಮನುಷ್ಯನಿಗೆ ಕೀಮೋ ಬೇಕೋ ಬೇಡವೋ ಎನ್ನುವ ಕಡೆ ನಿನ್ನ ಕಣ್ಣು ಇರುತ್ತದೆ.

ಚೂಟಿ


ಮಾರ್ಚ್ 5

ಚೂಟಿ,

ಎರಡನೇ ಪೆಟ್ಟಿಗೆಯಲ್ಲಿ ಹತ್ತು ಆಗಿದೆ. ನೀನು ಹೇಳಿದ ಹಾಗೆ ಧೈರ್ಯ ತೆಗೆದುಕೊಳ್ಳುತ್ತಿದ್ದೇನೆ. ಈ ವಯಸ್ಸಿನಲ್ಲಿ ಅದೂ ಕಷ್ಟ.

ಒಂದು ಅನುಮಾನ ಇತ್ತು, ಕೇಳೋಣ ಅಂದುಕೊಂಡೆ. ಬಿಡು. ನೀನು ಏಳು ವರ್ಷ ಇದನ್ನೇ ಓದಿದವಳು, ನಾನು ಲ್ಯಾಬಿನಲ್ಲಿ ಸ್ಟೂಲಿನ ಮೇಲೆ ಕೂತು ಕಲಿತವಳು. ಯಾವುದು ಏನು ಎಂದು ನಿನಗೆ ಗೊತ್ತಿರುತ್ತದೆ.

ನಿಮ್ಮಮ್ಮನಿಗೆ ಮೆಟ್ಟಿಲು ಹತ್ತಬೇಡ ಅನ್ನು. ಹೇಳಿದರೆ ಹತ್ತೇ ಹತ್ತುತ್ತಾಳೆ, ಆದರೂ ಹೇಳು.

ಚಿಕ್ಕಮ್ಮ


ಮಾರ್ಚ್ 29

ನನ್ನ ಚಿನ್ನದಂಥ ಚಿಕ್ಕಮ್ಮಾ,

ಅರವತ್ತರಲ್ಲಿ ಐವತ್ತೆಂಟು! ಮೊದಲ ಹತ್ತರಲ್ಲಿ ಎರಡು ಬೇರೆ ಬಂದಿವೆ, ಅದಾದ ಮೇಲೆ ಐವತ್ತರಲ್ಲಿ ಒಂದೂ ಇಲ್ಲ. ಲೆಕ್ಕದ ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಇಬ್ಬರು ಮನುಷ್ಯರು ಇಷ್ಟು ಹೊಂದುವುದನ್ನು ಅವರು ನೋಡಿಲ್ಲವಂತೆ. ನಾನು ಹೇಳಿದೆ, ಒಂದೇ ಮನೆಯ ಕಣ್ಣು ಸಾರ್, ಅದರಲ್ಲೇನು ಆಶ್ಚರ್ಯ.

ಒಂದು ತಿಂಗಳಲ್ಲಿ ನೀನು ಕಲಿತದ್ದನ್ನು ನಮ್ಮ ಕಿರಿಯ ಡಾಕ್ಟರುಗಳು ಎರಡು ವರ್ಷದಲ್ಲಿ ಕಲಿಯುವುದಿಲ್ಲ. ಚಿಕ್ಕವಳಿದ್ದಾಗ ನಿನ್ನ ಲ್ಯಾಬಿಗೆ ಬಂದು, ನಿನ್ನ ಬೆರಳು ಎಣಿಸುವ ಗುಂಡಿಯ ಮೇಲೆ ಓಡುವುದನ್ನು ನೋಡುತ್ತಾ ಕೂರುತ್ತಿದ್ದೆ. ನಾನು ಈ ಕೆಲಸಕ್ಕೆ ಬಂದದ್ದೇ ಅದನ್ನು ನೋಡಿ. ಇದನ್ನು ಇಷ್ಟು ದಿನ ನಿನಗೆ ಹೇಳಿರಲಿಲ್ಲ.

ಕೊನೆಯ ಪೆಟ್ಟಿಗೆ ಹೊರಟಿದೆ, ಐವತ್ತು.

ಚೂಟಿ


ಏಪ್ರಿಲ್ 30

ಚೂಟಿಗೆ,

ಐವತ್ತೂ ಮುಗಿಯಿತು, ಹಾಳೆ ಇಟ್ಟಿದ್ದೇನೆ. ಪೆಟ್ಟಿಗೆಗಳನ್ನು ಆಮೇಲೆ ಕಳಿಸುತ್ತೇನೆ, ಸ್ಲೈಡುಗಳನ್ನು ಸ್ವಲ್ಪ ಒರೆಸಬೇಕು. ನಿಮ್ಮ ಚಿಕ್ಕಪ್ಪ ಆರೋಗ್ಯವಾಗಿದ್ದಾರೆ.

ಚಿಕ್ಕಮ್ಮ


ಮೇ 11

ಚಿಕ್ಕಮ್ಮಾ,

ಮೂರೇ ಸಾಲಿನ ಕಾಗದಕ್ಕೆ ನಾನು ಮೂರು ಪುಟ ಬರೆಯುತ್ತಿದ್ದೇನೆ, ನಾಚಿಕೆ ಆಗಲಿ ನಿನಗೆ. ಕಣ್ಣು ದಣಿದಿದೆ ಎಂದು ಅಮ್ಮ ಅಂದಳು. ಇನ್ನು ವಿಶ್ರಾಂತಿ ತೆಗೆದುಕೋ. ಕೊನೆಯ ಪೆಟ್ಟಿಗೆಯಲ್ಲಿ ಐವತ್ತಕ್ಕೆ ಐವತ್ತೂ ಹೊಂದಿದೆ.

ಈಗ ಫಲಿತಾಂಶ ಕೇಳು, ಎಣಿಕೆ ಮುಗಿದಿದೆಯಲ್ಲ, ಹೇಳಬಹುದು. ಸಾವಿರಕ್ಕೆ ಹದಿನೈದಕ್ಕಿಂತ ಹೆಚ್ಚು ಜೀವಕೋಶ ಸಾಯುತ್ತಿದ್ದ ಗಡ್ಡೆಯವರು ಬೇಗ ಹೋಗಿದ್ದಾರೆ. ಕಡಿಮೆ ಇದ್ದವರು ಹೆಚ್ಚು ಬದುಕಿದ್ದಾರೆ. ಅಮ್ಮನಿಗೆ ಹೇಳಿದೆ, ಅವಳಿಗೆ ನಂಬಿಕೆಯೇ ಬರಲಿಲ್ಲ. ಕ್ಯಾನ್ಸರ್ ಸಾಯ್ತಿದ್ರೆ ಒಳ್ಳೇದಲ್ವೇನೇ ಎಂದಳು. ನಾನು ಹೇಳಿದೆ, ಬಡಗಿಯ ಅಂಗಡಿ ಮುಂದೆ ಮರದ ಹೊಟ್ಟು ರಾಶಿ ಬಿದ್ದಿದ್ದರೆ ಒಳಗೆ ಕೆಲಸ ಜೋರಾಗಿ ನಡೆಯುತ್ತಿದೆ ಎಂದರ್ಥ. ಬೇಗ ಬೇಗ ಹುಟ್ಟುವ ಕಡೆ ಬೇಗ ಬೇಗ ಸಾಯುತ್ತವೆ.

ಒಂಬತ್ತು ಜನರ ಸಮಿತಿ ಮೊನ್ನೆ ಒಪ್ಪಿತು. ಎಣಿಕೆಗಿಂತ ಹೆಚ್ಚಾಗಿ ನಮ್ಮಿಬ್ಬರ ತಾಳೆಯನ್ನು ನೋಡಿ ಒಪ್ಪಿದರು. ಮೊದಲನೆಯ ರೋಗಿಯೂ ಬಂದಾಯಿತು. ಗಡಿಯಾರ ರಿಪೇರಿಯವರು, ಅರವತ್ತರ ಹತ್ತಿರ. ಕೈಬೆರಳು ನೋಡಿದರೆ ನಿನ್ನ ನೆನಪಾಗುತ್ತದೆ. ಆಪರೇಷನ್ನಿಗೆ ಮುಂಚೆ ಅವರಿಗೆ ಜೋರಾಗಿ ನ್ಯುಮೋನಿಯಾ ಆಗಿತ್ತು, ಅದರಿಂದ ಎದ್ದುಬಂದ ಗಟ್ಟಿ ಜೀವ. ಅವರ ಗಡ್ಡೆ ಚಿಕ್ಕದು, ಹಳೆಯ ಲೆಕ್ಕದಲ್ಲಾದರೆ ಕೀಮೋ ಇಲ್ಲದೆ ಮನೆಗೆ ಕಳಿಸುತ್ತಿದ್ದರು. ಆದರೆ ನಾನು ಎಣಿಸಿದಾಗ ಇಪ್ಪತ್ತೊಂದು ಬಂತು. ಹಾಗಾಗಿ ಜೂನ್ ಒಂದಕ್ಕೆ ಔಷಧಿ ಶುರು. ಮೂತ್ರಪಿಂಡ ಸ್ವಲ್ಪ ದುರ್ಬಲ, ಔಷಧಿ ಅವರಿಗೆ ಕಷ್ಟವಾಗಬಹುದು, ಆದರೆ ಇಪ್ಪತ್ತೊಂದನ್ನು ನೋಡಿಕೊಂಡು ಸುಮ್ಮನಿರಲು ಆಗುವುದಿಲ್ಲ. ನಿಮ್ಮ ನಂಬರು ಸುಳ್ಳು ಹೇಳಲ್ಲ ತಾನೇ ಎಂದು ಕೇಳಿದರು. ಇಬ್ಬರು ಎಣಿಸಿ ನೋಡಿರೋ ವಿಧಾನ, ಎರಡನೆಯವರು ನಮ್ಮ ಚಿಕ್ಕಮ್ಮ ಎಂದೆ. ಅವರು ನಿಶ್ಚಿಂತೆಯಿಂದ ನಕ್ಕರು.

ಎದೆ ಉಬ್ಬಿಸಿಕೊಂಡು ಓಡಾಡು ಚಿಕ್ಕಮ್ಮ, ಇದು ನಿನ್ನದೂ ಹೌದು.

ಚೂಟಿ


ಮೇ 16

ಚೂಟಿ,

ನಿನ್ನೆ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ನೀನು "ಚಿಕ್ಕಮ್ಮಾ" ಎಂದು ಅಷ್ಟು ಖುಷಿಯಾಗಿ ಕರೆದೆ, ನಾನು ನಿಮ್ಮಮ್ಮನ ಮಂಡಿ ವಿಚಾರಿಸಿ ಇಟ್ಟೆ. ಬಾಯಲ್ಲಿ ಹೇಳುವುದಕ್ಕೆ ಆಗಲಿಲ್ಲ, ಬರೆಯುತ್ತೇನೆ. ಇದನ್ನು ಓದುವ ಮುಂಚೆ ಕೂತುಕೋ.

ನನ್ನ ಲೆಕ್ಕವನ್ನು ನಂಬಬೇಡ. ನಾನು ನಿನ್ನದನ್ನು ನೋಡಿ ಬರೆದೆ.

ರಕ್ತದ ಲ್ಯಾಬಿನ ಅಭ್ಯಾಸ ನನಗೆ, ಸ್ಲೈಡಿನ ಮೇಲೆ ಒಂದು ಹನಿ ಎಣ್ಣೆ ಹಾಕಿ ದೊಡ್ಡ ಲೆನ್ಸಿನಲ್ಲಿ ನೋಡದೆ ಸಮಾಧಾನ ಆಗುವುದಿಲ್ಲ. ಎರಡನೇ ಪೆಟ್ಟಿಗೆಯ ಹನ್ನೊಂದನೆಯ ಸ್ಲೈಡ್ ತೆಗೆಯುವಾಗ ಬೆರಳಿಗೆ ಅಂಟಿದ್ದ ಎಣ್ಣೆ ನಿನ್ನ ಚೀಟಿಗೆ ತಾಗಿತು. ಎಣ್ಣೆ ಕುಡಿದ ಕಾಗದ ಏನಾಗುತ್ತದೆ ಎಂದು ಅಡುಗೆಮನೆ ನೋಡಿದ ಯಾರಿಗಾದರೂ ಗೊತ್ತು. ಚೀಟಿ ಗಾಜಾಯಿತು, ಅಡಿಯಲ್ಲಿ ನಿನ್ನ ಪೆನ್ಸಿಲಿನ ಇಪ್ಪತ್ತಮೂರು ಕಂಡಿತು. ನನ್ನ ಲೆಕ್ಕ ಹತ್ತು ಇತ್ತು.

ಆ ಒಂದು ಸಲದ್ದು ಆಕಸ್ಮಿಕ. ಉಳಿದ ತೊಂಬತ್ತೊಂಬತ್ತು ಸಲ ನಾನೇ ಬೆರಳಿಗೆ ಎಣ್ಣೆ ಹಚ್ಚಿಕೊಂಡು ಸವರಿದೆ. ಸುಳ್ಳು ಹೇಳಿ ಏನು ಪ್ರಯೋಜನ? ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ, ನನಗೆ ಗೊತ್ತು.

ಯಾಕೆ ಮಾಡಿದೆ ಎಂದು ಕೇಳುತ್ತೀಯ. ಸೋಮಾರಿತನಕ್ಕಲ್ಲ. ಪ್ರತಿಯೊಂದನ್ನೂ ಮೊದಲು ನಾನೇ ಎಣಿಸಿದೆ, ಹಳೆಯ ಅಭ್ಯಾಸದಂತೆ ನೋಟ್‌ಬುಕ್ಕಿನಲ್ಲಿ ಬರೆದೆ. ಆಮೇಲೆ ನಿನ್ನದನ್ನು ನೋಡಿದೆ. ಬೇರೆ ಇದ್ದರೆ, ನಾನು ತಪ್ಪಿರಬೇಕು ಎಂದು ನಿನ್ನದನ್ನೇ ಹಾಳೆಗೆ ಇಳಿಸಿದೆ. ನೀನು ಡಾಕ್ಟರು. ನಮ್ಮ ಮನೆತನದಲ್ಲಿ ಯಾರೂ ಹತ್ತದ ಮೆಟ್ಟಿಲು ಹತ್ತಿದವಳು. ನನ್ನ ಕಡಿಮೆ ಲೆಕ್ಕದಿಂದ ದೊಡ್ಡ ಡಾಕ್ಟರು ನಿನ್ನ ಮುಂದೆ ಹುಬ್ಬು ಗಂಟಿಕ್ಕಿದರು ಎಂದು ಬರೆದಿದ್ದೆಯಲ್ಲ, ಅದು ನನ್ನನ್ನು ಚುಚ್ಚಿತು. ಆಮೇಲೆ ನೀನು ಚಿನ್ನದಂಥ ಚಿಕ್ಕಮ್ಮ ಅಂದೆ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡು ಕೂತೆ. ಬಾಯಿ ಬಿಡಲಿಲ್ಲ.

ಈಗ ಮುಖ್ಯವಾದದ್ದು. ಮಾರ್ಚ್‌ನಲ್ಲಿ ಕೇಳೋಣ ಅಂದುಕೊಂಡು ಬಿಟ್ಟ ಅನುಮಾನ ಇದು. ನೀನು ಸಾಯುತ್ತಿರುವ ಜೀವಕೋಶ ಎಂದು ಎಣಿಸಿರುವ ಕೆಲವು ಗಡ್ಡೆಯ ಜೀವಕೋಶಗಳೇ ಅಲ್ಲ. ಅವು ನ್ಯೂಟ್ರೋಫಿಲ್, ಸೋಂಕಾದಾಗ ರಕ್ತದಿಂದ ಓಡಿಬರುವ ಬಿಳಿ ಕಣ. ಅವಕ್ಕೂ ಕಪ್ಪು ಬೀಜ, ಅದೂ ಮೂರು ನಾಲ್ಕು ತುಂಡಾಗಿ ಕಾಣುತ್ತದೆ. ಆದರೆ ಆ ತುಂಡುಗಳ ನಡುವೆ ಸಣ್ಣ ದಾರ ಇರುತ್ತದೆ, ಎಣ್ಣೆಯ ಲೆನ್ಸಿನಲ್ಲಿ ನೋಡಿದರೆ ಮಾತ್ರ ಕಾಣುತ್ತದೆ. ನೀನು ಎಣ್ಣೆ ಇಲ್ಲದ ಲೆನ್ಸಿನಲ್ಲಿ ನೋಡುತ್ತೀಯ. ಮೂವತ್ನಾಲ್ಕು ವರ್ಷ ಅವುಗಳ ಜೊತೆ ಬದುಕಿದ್ದೇನೆ ಚೂಟಿ, ಬೆನ್ನು ತಿರುಗಿಸಿ ನಿಂತರೂ ನನಗೆ ಗುರುತು ಸಿಗುತ್ತದೆ. ಆದರೂ ನಿನ್ನ ಪೆನ್ಸಿಲ್ ನೋಡಿ ನನ್ನ ಕಣ್ಣನ್ನು ನಾನೇ ನಂಬಲಿಲ್ಲ.

ಆ ಗಡಿಯಾರದವರಿಗೆ ನ್ಯುಮೋನಿಯಾ ಆಗಿತ್ತು ಎಂದು ಬರೆದಿದ್ದೀಯ. ನ್ಯುಮೋನಿಯಾ ಆದ ಶ್ವಾಸಕೋಶದ ತುಂಬ ನ್ಯೂಟ್ರೋಫಿಲ್ ಇರುತ್ತವೆ. ನಿನ್ನ ಇಪ್ಪತ್ತೊಂದರಲ್ಲಿ ಅವೆಷ್ಟು? ಜೂನ್ ಒಂದಕ್ಕೆ ಮುಂಚೆ ಎಣ್ಣೆ ಹಾಕಿ ನೋಡು. ಕೈ ಮುಗಿದು ಕೇಳುತ್ತೇನೆ. ಆ ಮನುಷ್ಯ ನನ್ನ ಹೆಸರು ಕೇಳಿ ನಿಶ್ಚಿಂತೆಯಿಂದ ನಕ್ಕ ಎನ್ನುವ ಸಾಲನ್ನು ಓದಿದ ಮೇಲೆ ನನಗೆ ಊಟ ಸೇರುತ್ತಿಲ್ಲ.

ನೋಟ್‌ಬುಕ್ಕನ್ನೂ ಮೂರು ಪೆಟ್ಟಿಗೆಗಳನ್ನೂ ಇದರ ಜೊತೆ ಕಳಿಸಿದ್ದೇನೆ. ನನ್ನ ನಿಜವಾದ ಲೆಕ್ಕ ಅದರಲ್ಲಿದೆ. ನಿನಗೆ ಏನು ಅನಿಸುತ್ತದೋ ಅದನ್ನು ಅನ್ನು.

ಚಿಕ್ಕಮ್ಮ


ಮೇ 20

ಚಿಕ್ಕಮ್ಮನವರಿಗೆ,

ತಾವು ಕಳಿಸಿದ ಪೆಟ್ಟಿಗೆಗಳೂ ನೋಟ್‌ಬುಕ್ಕೂ ತಲುಪಿವೆ. ಸ್ಲೈಡುಗಳೆಲ್ಲ ಸರಿಯಾಗಿವೆ. ದಯವಿಟ್ಟು ಸದ್ಯಕ್ಕೆ ಫೋನ್ ಮಾಡಬೇಡಿ.


ಜೂನ್ 20

ಚಿಕ್ಕಮ್ಮಾ,

ಒಂದು ತಿಂಗಳು ಬರೆಯಲಿಲ್ಲ. ಮೊದಲ ನಾಲ್ಕು ದಿನ ಕೋಪಕ್ಕೆ, ಉಳಿದ ದಿನ ಕೆಲಸಕ್ಕೆ. ನಿನಗೆ "ತಾವು" ಎಂದು ಬರೆದದ್ದನ್ನು ಅಮ್ಮ ನೋಡಿಬಿಟ್ಟಳು. ಬೈದಳು. ಬೈಸಿಕೊಂಡೆ.

ಮೊದಲು ಗಡಿಯಾರದವರ ವಿಷಯ. ನಿನ್ನ ಕಾಗದ ಬಂದ ಮರುದಿನ ಬೆಳಿಗ್ಗೆ ಎಣ್ಣೆ ಹಾಕಿ ಅವರ ಸ್ಲೈಡ್ ಇಟ್ಟೆ. ದಾರ ಕಂಡಿತು. ಒಂದಲ್ಲ, ಎರಡಲ್ಲ. ಇಪ್ಪತ್ತೊಂದರಲ್ಲಿ ಹದಿಮೂರು ನ್ಯೂಟ್ರೋಫಿಲ್. ನಿಜವಾಗಿ ಸಾಯುತ್ತಿದ್ದದ್ದು ಎಂಟು. ಕುರ್ಚಿಯಿಂದ ಎದ್ದು ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದೆ, ವಾಪಸ್ ಬಂದು ಮತ್ತೆ ಎಣಿಸಿದೆ. ಎಂಟೇ. ಅವತ್ತೇ ಕೀಮೋ ಡಾಕ್ಟರ ಹತ್ತಿರ ಹೋಗಿ ನಿಲ್ಲಿಸಿ ಎಂದೆ. ಮುಂದೂಡೋಣವೇ ಎಂದು ಕೇಳಿದರು. ಮುಂದೂಡುವುದಲ್ಲ, ನನ್ನ ನಂಬರನ್ನು ಪಕ್ಕಕ್ಕಿಟ್ಟು ಇವರನ್ನು ನೋಡಿ ಎಂದೆ. ಅವರು ಹಳೆಯ ಕ್ರಮದಲ್ಲೇ ನೋಡಿ, ಔಷಧಿ ಬೇಡ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡು ಹೋಗಲಿ ಎಂದರು.

ಅವರಿಗೆ ನಾನೇ ಹೇಳಿದೆ. ನಾನು ತಪ್ಪು ಎಣಿಸಿದ್ದೆ, ಈಗ ಈ ನಂಬರನ್ನೇ ಯಾರಿಗೂ ಹೇಳುತ್ತಿಲ್ಲ ಎಂದೆ. ಬೈಯುತ್ತಾರೆ ಅಂದುಕೊಂಡೆ. ಅವರು "ತಪ್ಪು ಟೈಮ್ ತೋರ್ಸೋ ಗಡಿಯಾರಕ್ಕಿಂತ ನಿಂತೋಗಿರೋದೇ ವಾಸಿ ಡಾಕ್ಟ್ರೇ, ಅದನ್ನ ನಂಬ್ಕೊಂಡು ಯಾರೂ ಬಸ್ಸು ತಪ್ಪಿಸ್ಕೊಳ್ಳಲ್ಲ" ಎಂದರು. ನನಗೆ ಅಳು ಬಂತು. ಅವರ ಎದುರಿಗೇ ಅತ್ತೆ.

ಆಮೇಲೆ ನೋಟ್‌ಬುಕ್ ತೆರೆದೆ. ನೂರು ಸ್ಲೈಡಿನಲ್ಲಿ ಮೂವತ್ತೆಂಟರಲ್ಲಿ ನಿನ್ನ ನಿಜವಾದ ಲೆಕ್ಕ ನನ್ನದಕ್ಕಿಂತ ಬೇರೆ. ಮೂವತ್ತೆಂಟನ್ನೂ ತೆಗೆದು ನೋಡಿದೆ. ಮೂವತ್ತೊಂದರಲ್ಲಿ ನೀನು ಸರಿ, ಏಳರಲ್ಲಿ ನಾನು ಸರಿ. ಆ ಏಳರಲ್ಲಿ ನೀನು ನಿಜವಾಗಿಯೂ ಸಾಯುತ್ತಿದ್ದವನ್ನು ಬಿಟ್ಟಿದ್ದೀಯ, ಅದನ್ನೂ ಹೇಳಿಬಿಡುತ್ತೇನೆ. ಮೊದಲ ಪೆಟ್ಟಿಗೆಯಲ್ಲಿ ಹೊಂದದೆ ಹೋದ ಹದಿನೇಳನ್ನು ಈಗ ತೆಗೆದೆ. ಫೆಬ್ರುವರಿಯಲ್ಲೇ ನಿನ್ನಿಂದ ತರಿಸಿಕೊಂಡು ನೋಡಬೇಕಿತ್ತು. ಹದಿನೇಳರಲ್ಲೂ ನಿನ್ನದೇ ಕಡಿಮೆ ಎಂದು ಕಂಡಾಗ, ಚಿಕ್ಕಮ್ಮನ ಕಣ್ಣಿಗೆ ಬೀಳುತ್ತಿಲ್ಲ ಅಂದುಕೊಂಡೆನೇ ಹೊರತು ಒಂದೇ ಒಂದು ಸ್ಲೈಡನ್ನು ಮತ್ತೆ ನೋಡಲಿಲ್ಲ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ನನಗೆ ಕಲಿಸಿದವಳು ನೀನು. ನೀನು ಎಣ್ಣೆ ಹಚ್ಚಿದ್ದು ಮಾರ್ಚ್‌ನಲ್ಲಿ. ನನ್ನ ತಪ್ಪು ಅದಕ್ಕಿಂತ ಹಳೆಯದು.

ಕೋಪ ಯಾಕೆ ಬಂತು ಎಂದು ಹೇಳಬೇಕು. ನೀನು ಚೀಟಿಯಡಿ ನೋಡಿದ್ದಕ್ಕಲ್ಲ. ನಿನ್ನ ಕಣ್ಣು ಸರಿಯಾಗಿ ಕಂಡದ್ದನ್ನು ನನ್ನ ಡಿಗ್ರಿ ನೋಡಿ ನುಂಗಿಕೊಂಡೆಯಲ್ಲ, ಅದಕ್ಕೆ. ಎರಡನೆಯ ಜನ ಬೇಕು ಎಂದು ಕೇಳಿದ್ದೇ ನಾನು ಎಡವಿದಾಗ ಕೈ ಹಿಡಿಯಲಿ ಎಂದು. ನೀನು ನನ್ನನ್ನು ಮೆಚ್ಚಿದ್ದೇ ನನಗೆ ಮುಳುವಾಯಿತು ಚಿಕ್ಕಮ್ಮ. ಅದರ ಹತ್ತು ಪಾಲು ನಾನು ನಿನ್ನನ್ನು ಮೆಚ್ಚಿಕೊಂಡು ಬೆಳೆದವಳು, ಆದರೂ ಹದಿನೇಳು ಸಲ ನಿನ್ನ ಲೆಕ್ಕವನ್ನು ತಳ್ಳಿಹಾಕಿದೆ. ಯಾರು ಯಾರನ್ನು ಬೈಯಬೇಕು ಎಂದು ತಿಳಿಯದೆ ಕೋಪ ಇಳಿದುಹೋಯಿತು.

ಒಂಬತ್ತು ಜನರ ಸಮಿತಿಯನ್ನು ಮತ್ತೆ ಕೂರಿಸಿದೆ. ಎದ್ದು ನಿಂತು, ಎಣಿಕೆ ತಪ್ಪು, ತಾಳೆಯೂ ಸುಳ್ಳು, ವರದಿಯಿಂದ ತೆಗೆದುಬಿಡಿ ಎಂದೆ. ತೆಗೆದರು. ಸರಿಪಡಿಸಿದ ಲೆಕ್ಕದಲ್ಲಿ ಲೆಕ್ಕದ ಮೇಷ್ಟ್ರು ಮತ್ತೆ ಗೆರೆ ಎಳೆದಿದ್ದಾರೆ. ಹೆಚ್ಚು ಸಾಯುತ್ತಿದ್ದ ಗಡ್ಡೆಯವರ ಆಯಸ್ಸಿನ ಗೆರೆ, ಕಡಿಮೆ ಇದ್ದವರ ಗೆರೆ ಈಗ ಹತ್ತಿರ ಬಂದಿವೆ, ಒಂದರ ಮೇಲೊಂದು ಬಿದ್ದಿಲ್ಲ. ಇದರಲ್ಲಿ ಏನೋ ಇದೆ, ಎಷ್ಟಿದೆ ಎಂದು ಈಗಲೇ ಹೇಳಲಾಗದು ಎಂದರು. ಇನ್ನೂ ಇನ್ನೂರು ಸ್ಲೈಡ್ ಎಣಿಸಬೇಕು, ನನಗೆ ಡಿಗ್ರಿ ಒಂದು ವರ್ಷ ತಡ.

ನಿನ್ನನ್ನು ಇನ್ನು ಸೇರಿಸಬಾರದು ಎಂದು ದೊಡ್ಡ ಡಾಕ್ಟರು ಹೇಳಿದರು, ಅವರು ಹೇಳಿದ್ದು ನ್ಯಾಯವೇ. ನಾನು ನೋಟ್‌ಬುಕ್ ತೆರೆದು ಮೇಜಿನ ಮೇಲಿಟ್ಟೆ. ಅವರು ಪುಟ ತಿರುವುತ್ತಾ ಹೋದರು. ನೂರು ಸ್ಲೈಡ್, ಒಂದು ಕಡೆಯೂ ತಿದ್ದಿಲ್ಲ. ಕೊನೆಗೆ "ಇವ್ರನ್ನ ಬಿಟ್ಟು ಬೇರೆ ಯಾರನ್ನ ತರ್ತೀಯ" ಎಂದರು. ಈ ಸಲ ಮೂರನೆಯವರೊಬ್ಬರೂ ಎಣಿಸುತ್ತಾರೆ, ಅದು ಸಮಿತಿಯ ಷರತ್ತು. ಸ್ಲೈಡಿನ ಮೇಲೆ ನಾನು ಏನೂ ಬರೆಯುವುದಿಲ್ಲ. ನಿನ್ನ ಹಾಳೆ ನೇರವಾಗಿ ಲೆಕ್ಕದ ಮೇಷ್ಟ್ರಿಗೆ ಹೋಗುತ್ತದೆ, ನನಗಲ್ಲ. ಸಮಿತಿಗೆ ನಿನ್ನ ಎಣ್ಣೆಯ ಕಥೆಯನ್ನು ಪೂರ್ತಿ ಹೇಳಿದ್ದೇನೆ, ಮುಚ್ಚಿಟ್ಟಿಲ್ಲ. ಅದಕ್ಕೆ ಕ್ಷಮೆ ಕೇಳುವುದಿಲ್ಲ.

ಎಣಿಸುತ್ತೀಯಾ?

ಚೂಟಿ


ಜೂನ್ 28

ಚೂಟಿಗೆ ಚಿಕ್ಕಮ್ಮನ ಆಶೀರ್ವಾದಗಳು.

ನಿನ್ನ ಕಾಗದವನ್ನು ನಾನು ಓದುವ ಮುಂಚೆ ನಿಮ್ಮ ಚಿಕ್ಕಪ್ಪನಿಗೆ ಕೊಟ್ಟೆ. ನನಗೆ ಧೈರ್ಯ ಇರಲಿಲ್ಲ. ಅವರು ಓದಿ, ಹೋಗಿ ನನ್ನ ಕೋಣೆಯ ಕಿಟಕಿಯ ಗಾಜು ಒರೆಸಿದರು. ಆಗ ನನಗೆ ಗೊತ್ತಾಯಿತು, ನೀನು ಕರೆದಿದ್ದೀಯ ಎಂದು.

ಎಲ್ಲರಿಗೂ ಹೇಳಿದೆ ಎಂದು ಬರೆದಿದ್ದೀಯ. ಹೇಳಲೇಬೇಕಿತ್ತು. ಹೇಳದೆ ಇದ್ದಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ನಾಚಿಕೆ ಆಯಿತು, ಆಗಲಿ, ನನ್ನ ವಯಸ್ಸಿನಲ್ಲಿ ಅದರಿಂದ ಯಾರೂ ಸಾಯುವುದಿಲ್ಲ.

ಇಷ್ಟು ದಿನ ನಾನು ನಿನ್ನನ್ನು ಮೆಚ್ಚಿದ್ದು ನೀನು ಡಾಕ್ಟರಾದೆ ಎಂದು. ಬೀದಿಯವರಿಗೆ ಹೇಳಿಕೊಳ್ಳುವುದಕ್ಕೆ ಸುಲಭವಾದ ಮೆಚ್ಚುಗೆ ಅದು. ಒಂಬತ್ತು ಜನ ದೊಡ್ಡವರ ಮುಂದೆ ಎದ್ದು ನಿಂತು ನಾನು ತಪ್ಪು ಎಣಿಸಿದೆ ಎಂದ ಡಾಕ್ಟರನ್ನು ಮೂವತ್ನಾಲ್ಕು ವರ್ಷದಲ್ಲಿ ನಾನು ಒಬ್ಬರನ್ನೂ ನೋಡಿಲ್ಲ. ರೋಗಿಯ ಮುಂದೆ ಹೇಳಿದವರಂತೂ ಇಲ್ಲವೇ ಇಲ್ಲ. ಇದನ್ನು ಬೀದಿಯವರಿಗೆ ಹೇಳಿದರೆ ಅರ್ಥವಾಗುವುದಿಲ್ಲ, ನನ್ನಲ್ಲೇ ಇಟ್ಟುಕೊಂಡಿದ್ದೇನೆ. ರಾತ್ರಿ ಒಳ್ಳೆಯ ನಿದ್ದೆ ಬರುತ್ತಿದೆ.

ಆ ಏಳು ನನ್ನ ತಪ್ಪು ಎಂದೆಯಲ್ಲ, ಅದನ್ನು ಓದಿದಾಗ ಮೊದಲು ಉರಿದುಹೋಯಿತು. ಅವಳಿಗೇನು ಗೊತ್ತು ಅಂದುಕೊಂಡೆ. ಆಮೇಲೆ ನಗು ಬಂತು. ಎಷ್ಟು ತಿಂಗಳಾಗಿತ್ತು ನಿನ್ನ ವಿಷಯದಲ್ಲಿ ಹಾಗೆ ಅನಿಸಿ. ಆ ಏಳು ಸ್ಲೈಡನ್ನೂ ಕಳಿಸು, ನನಗೆ ತೋರಿಸದೆ ಒಪ್ಪುವುದಿಲ್ಲ.

ಎಣಿಸುತ್ತೇನೆ. ನನ್ನ ಉತ್ತರಕ್ಕೂ ಕಾಯದೆ ನೀನು ಕಳಿಸಿದ ಹೊಸ ಪೆಟ್ಟಿಗೆ ನಿನ್ನೆ ಬಂತು. ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಕೂತು ಮೊದಲನೆಯ ಸ್ಲೈಡ್ ಇಟ್ಟೆ. ಎರಡು ಸಲ ಎಣಿಸಿದೆ, ಎರಡು ಸಲವೂ ಒಂದೇ ಬಂತು. ಹಾಳೆಯಲ್ಲಿ ಬರೆದಾಯಿತು. ನೀನು ಎಷ್ಟು ಎಣಿಸಿದ್ದೀಯೋ ನನಗೆ ಗೊತ್ತಿಲ್ಲ ಚೂಟಿ, ನನಗೆ ಬೇಕಾಗಿಯೂ ಇಲ್ಲ.

ನಿನ್ನ
ಚಿಕ್ಕಮ್ಮ